ಹೀಬ್ರೂ ರಂಗದ ಮೇಲೊಂದು ಅರಬ್ಬಿ ದನಿ

ನಾಲ್ಕೂವರೆ ದಶಕ ರಂಗಭೂಮಿಯಲ್ಲೂ ಬೆಳ್ಳಿತೆರೆಯಲ್ಲೂ ದುಡಿದ ನಟನಿಗೆ ಸಾಮಾನ್ಯವಾಗಿ ಹಾರ, ಶಾಲು, ಜೀವಮಾನ ಸಾಧನೆಯ ಪ್ರಶಸ್ತಿ ಒಲಿದು ಬರುತ್ತವೆ. ಮೊಹಮ್ಮದ್ ಬಕ್ರಿ ಅವರಿಗೆ 2021ರ ಜನವರಿಯಲ್ಲಿ ಬಂದದ್ದು ನ್ಯಾಯಾಲಯದ ತೀರ್ಪು. ಹತ್ತೊಂಬತ್ತು ವರ್ಷಗಳ ಹಿಂದೆ ಅವರು ತಯಾರಿಸಿದ್ದ 'ಜೆನಿನ್, ಜೆನಿನ್' ಎಂಬ ಸಾಕ್ಷ್ಯಚಿತ್ರವನ್ನು ಇಸ್ರೇಲಿನಲ್ಲಿ ಪ್ರದರ್ಶಿಸಕೂಡದು, ಅದರ ಪ್ರತಿಗಳನ್ನು ವಶಪಡಿಸಿಕೊಳ್ಳಬೇಕು, ಮಾನಹಾನಿಗೆ ಒಳಗಾದ ಸೇನಾಧಿಕಾರಿಗೆ ಬಕ್ರಿ 1,75,000 ಷೆಕೆಲ್ ಪರಿಹಾರ ಕೊಡಬೇಕು, ಮೊಕದ್ದಮೆಯ ಖರ್ಚೆಂದು ಇನ್ನೂ 50,000 ಷೆಕೆಲ್ ತೆರಬೇಕು ಎಂದು ಇಸ್ರೇಲಿನ ಜಿಲ್ಲಾ ನ್ಯಾಯಾಲಯ ಆದೇಶಿಸಿತು.

ಸೋಜಿಗದ ಸಂಗತಿಯೆಂದರೆ, ಇದೇ ಬಕ್ರಿ ಇಸ್ರೇಲಿನ ಪ್ರೇಕ್ಷಕರಿಗೆ ಅಪರಿಚಿತರೇನೂ ಆಗಿರಲಿಲ್ಲ. ಅಲ್ಲಿನ ಪ್ರಮುಖ ರಂಗಮಂದಿರಗಳಲ್ಲಿ ಅವರು ಹೀಬ್ರೂ ಭಾಷೆಯಲ್ಲೇ ಅಭಿನಯಿಸಿದ್ದರು. ಆಸ್ಕರ್ ಸ್ಪರ್ಧೆಯವರೆಗೆ ಹೋದ ಇಸ್ರೇಲಿ ಚಿತ್ರದಲ್ಲಿ ಪ್ರಮುಖ ಪಾತ್ರ ವಹಿಸಿದ್ದರು. ಪಾತ್ರದ ವೇಷದಲ್ಲಿ ಅವರು ಆಡಿದ ಮಾತಿಗೆ ಚಪ್ಪಾಳೆ ಸಿಕ್ಕಿತ್ತು. ವೇಷ ಕಳಚಿ, ಕ್ಯಾಮೆರಾ ಹಿಂದೆ ನಿಂತು, ಬೇರೆಯವರು ಆಡುವ ಮಾತನ್ನು ಕೇಳಿಸಹೊರಟಾಗ ತಕರಾರು ಆರಂಭವಾಯಿತು. 2025ರ ಡಿಸೆಂಬರ್ 24ರಂದು, 72ನೇ ವಯಸ್ಸಿನಲ್ಲಿ ನಿಧನರಾದ ಈ ಕಲಾವಿದನ ಬದುಕು ಒಬ್ಬ ನಟನ ಸಾಧನೆಯ ಕಥೆಯಷ್ಟೇ ಆಗಿ ಉಳಿಯುವುದಿಲ್ಲ. ಒಂದು ದೇಶದ ಪ್ರಜೆಯಾಗಿ, ಆ ದೇಶದೊಡನೆ ಸಂಘರ್ಷದಲ್ಲಿರುವ ಜನಾಂಗಕ್ಕೆ ಸೇರಿದವನು ಎಷ್ಟು ಮಾತನಾಡಬಹುದು, ಯಾರ ಭಾಷೆಯಲ್ಲಿ ಮಾತನಾಡಬಹುದು ಎಂಬ ಪ್ರಶ್ನೆಯ ಇತಿಹಾಸವೂ ಅದರಲ್ಲಿದೆ.

ಉಳಿದುಕೊಂಡವರ ಊರು

ಬಕ್ರಿ ಹುಟ್ಟಿದ್ದು 1953ರಲ್ಲಿ, ಗಲಿಲಿ ಪ್ರಾಂತ್ಯದ ಬೀನಾ ಎಂಬ ಹಳ್ಳಿಯಲ್ಲಿ. 1947ರಲ್ಲಿ ವಿಶ್ವಸಂಸ್ಥೆ ಪ್ಯಾಲೆಸ್ಟೀನನ್ನು ಇಬ್ಭಾಗ ಮಾಡುವ ಯೋಜನೆ ಮುಂದಿಟ್ಟಾಗ ಈ ಭಾಗ ಅರಬ್ ರಾಷ್ಟ್ರಕ್ಕೆ ಸೇರಬೇಕಿತ್ತು. 1948ರ ಯುದ್ಧದಲ್ಲಿ ಅದು ಇಸ್ರೇಲಿನ ವಶವಾಯಿತು. ಆ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. ಪ್ಯಾಲೆಸ್ಟೀನಿಯರು ಈ ದುರಂತವನ್ನು 'ನಕ್ಬಾ', ಅಂದರೆ ಮಹಾವಿಪತ್ತು ಎಂದು ಕರೆಯುತ್ತಾರೆ. ಹೊಸ ರಾಷ್ಟ್ರದ ಗಡಿಯೊಳಗೆ ಉಳಿದುಕೊಂಡವರು ಸುಮಾರು ಒಂದೂವರೆ ಲಕ್ಷ ಮಂದಿ. ಬೀನಾದ ಜನ ಈ ಗುಂಪಿಗೆ ಸೇರಿದವರು.

ಉಳಿದವರಿಗೆ ಇಸ್ರೇಲಿನ ಪೌರತ್ವ ದೊರೆಯಿತು. ಆದರೆ 1966ರವರೆಗೂ ಅವರ ಹಳ್ಳಿಗಳು ಸೇನೆಯ ಆಡಳಿತದಲ್ಲಿದ್ದವು. ಪಕ್ಕದ ಪಟ್ಟಣಕ್ಕೆ ಕೂಲಿಗೆ ಹೋಗಬೇಕಾದರೂ ಸೇನೆಯಿಂದ ಪರವಾನಗಿ ಚೀಟಿ ಪಡೆಯಬೇಕಿತ್ತು. ಈ ಆಡಳಿತ ಕೊನೆಗೊಂಡಾಗ ಬಕ್ರಿಗೆ ಹದಿಮೂರು ವರ್ಷ. ಮನೆಯಲ್ಲಿ ಅರಬ್ಬಿ, ಕಚೇರಿಯಲ್ಲಿ ಹೀಬ್ರೂ. ಒಂದು ಭಾಷೆ ನೆನಪಿನದು, ಇನ್ನೊಂದು ಅಧಿಕಾರದ್ದು. ಎರಡನ್ನೂ ಸಮನಾಗಿ ಬಲ್ಲವರ ತಲೆಮಾರು ಅದು.

ಬೀನಾ ಮತ್ತು ಸಮೀಪದ ಅಕ್ಕಾ ಪಟ್ಟಣದಲ್ಲಿ ಶಾಲೆ ಮುಗಿಸಿದ ಬಕ್ರಿ 1973ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರು ಆರಿಸಿಕೊಂಡದ್ದು ಎರಡು ವಿಷಯ: ಅಭಿನಯ ಮತ್ತು ಅರಬ್ಬಿ ಸಾಹಿತ್ಯ. 1976ರಲ್ಲಿ ಶಿಕ್ಷಣ ಮುಗಿಯಿತು. ಅದೇ ವರ್ಷ ಮಾರ್ಚ್ 30ರಂದು ಗಲಿಲಿಯಲ್ಲಿ ಭೂಸ್ವಾಧೀನದ ವಿರುದ್ಧ ನಡೆದ ಮುಷ್ಕರದ ವೇಳೆ ಇಸ್ರೇಲಿ ಪಡೆಗಳ ಗುಂಡಿಗೆ ಆರು ಮಂದಿ ಅರಬ್ ಪ್ರಜೆಗಳು ಬಲಿಯಾದರು. ಪ್ರತಿವರ್ಷ 'ಭೂಮಿ ದಿನ'ವೆಂದು ಆಚರಿಸುವುದು ಈ ಘಟನೆಯನ್ನೇ. ರಂಗಭೂಮಿಗೆ ಕಾಲಿಡುತ್ತಿದ್ದ ತರುಣನ ಸುತ್ತಲಿನ ವಾತಾವರಣ ಹೀಗಿತ್ತು.

ಆ ಹೊತ್ತಿಗೆ ಇಸ್ರೇಲಿನ ಹೀಬ್ರೂ ರಂಗಭೂಮಿ ಅರಬ್ ನಟರಿಗೆ ನಿಧಾನವಾಗಿ ಬಾಗಿಲು ತೆರೆಯತೊಡಗಿತ್ತು. ಮುಖ್ಯವಾಗಿ ಹೈಫಾ ನಗರದ ರಂಗಮಂದಿರ ಈ ಪ್ರಯೋಗಕ್ಕೆ ಹೆಸರಾಯಿತು. ಮಕ್ರಂ ಖೂರಿ, ಯೂಸುಫ್ ಅಬು ವರ್ದಾ ಅವರಂತಹ ನಟರು ಅಲ್ಲಿ ಬೆಳೆದರು. 1984ರಲ್ಲಿ ಅಲ್ಲಿ ಬೆಕೆಟ್‌ನ 'ಗೊದೋಗಾಗಿ ಕಾಯುತ್ತ' ನಾಟಕವನ್ನು ಆಡಿದಾಗ ಕಾದು ಕುಳಿತ ಇಬ್ಬರನ್ನು ಅರಬ್ ಕಟ್ಟಡ ಕಾರ್ಮಿಕರನ್ನಾಗಿ ಮಾಡಲಾಗಿತ್ತು. ಅರಬ್ಬಿ, ಹೀಬ್ರೂ ಎರಡೂ ಒಂದೇ ರಂಗದ ಮೇಲೆ ಕೇಳಿಬಂದವು. ಮುಂದೆ 1987ರಲ್ಲಿ ಮಕ್ರಂ ಖೂರಿ ಅವರಿಗೆ ದೇಶದ ಅತ್ಯುನ್ನತ ಗೌರವವಾದ ಇಸ್ರೇಲ್ ಪ್ರಶಸ್ತಿ ಸಂದಿತು. ಬಕ್ರಿ ಕೂಡ ಹೈಫಾ ರಂಗಮಂದಿರ, ಟೆಲ್ ಅವೀವ್‌ನ ಹಬೀಮಾ ರಾಷ್ಟ್ರೀಯ ರಂಗಮಂದಿರ, ಪಶ್ಚಿಮ ದಂಡೆಯ ರಮಲ್ಲಾದ ಅಲ್ ಕಸಬಾ, ಹೀಗೆ ಗಡಿಯ ಎರಡೂ ಬದಿಯಲ್ಲಿ ಅಭಿನಯಿಸುತ್ತ ಬಂದರು.

ಕೈದಿ, ಹೋರಾಟಗಾರ, ಮನೆ ಕಳೆದುಕೊಂಡವ

ಸಿನಿಮಾ ಅವರನ್ನು ಲೋಕಕ್ಕೆ ಪರಿಚಯಿಸಿದ್ದು 1983ರಲ್ಲಿ. ಗ್ರೀಕ್ ಮೂಲದ ಖ್ಯಾತ ನಿರ್ದೇಶಕ ಕೋಸ್ತಾ ಗಾವ್ರಾಸ್ ಅವರ 'ಹನ್ನಾ ಕೆ.' ಚಿತ್ರದಲ್ಲಿ ಅವರದು ಸಲೀಂ ಬಕ್ರಿ ಎಂಬ ಪಾತ್ರ. ತನ್ನ ಪೂರ್ವಿಕರ ಮನೆ ತನಗೇ ಸೇರಬೇಕೆಂದು ನ್ಯಾಯಾಲಯದ ಮೆಟ್ಟಿಲೇರುವ ಪ್ಯಾಲೆಸ್ಟೀನಿಯನ ಕಥೆ ಅದು. ಅವನ ಪರವಾಗಿ ವಾದಿಸುವವಳು ಅಮೆರಿಕದಿಂದ ಬಂದ ಯಹೂದಿ ವಕೀಲೆ. ಪಾಶ್ಚಾತ್ಯ ಚಿತ್ರಗಳಲ್ಲಿ ಪ್ಯಾಲೆಸ್ಟೀನಿಯನೆಂದರೆ ಮುಖವಿಲ್ಲದ ಬಂದೂಕುಧಾರಿ ಎಂದೇ ರೂಢಿಯಾಗಿದ್ದ ಕಾಲದಲ್ಲಿ ಇದು ಹೊಸ ಬಗೆಯ ಚಿತ್ರಣವಾಗಿತ್ತು.

ಮರುವರ್ಷ, 1984ರಲ್ಲಿ, ಇಸ್ರೇಲಿ ನಿರ್ದೇಶಕ ಊರಿ ಬರ್ಬಾಶ್ ಅವರ 'ಬಿಯಾಂಡ್ ದ ವಾಲ್ಸ್' ತೆರೆಕಂಡಿತು. ಸೆರೆಮನೆಯೊಂದರಲ್ಲಿ ಯಹೂದಿ ಅಪರಾಧಿಗಳೂ ಪ್ಯಾಲೆಸ್ಟೀನಿ ರಾಜಕೀಯ ಕೈದಿಗಳೂ ಒಟ್ಟಿಗಿದ್ದಾರೆ. ಇಬ್ಬರನ್ನೂ ಪರಸ್ಪರ ಎತ್ತಿಕಟ್ಟಿ ಆಳುವುದು ಅಧಿಕಾರಿಗಳ ತಂತ್ರ. ಕೊನೆಗೆ ಎರಡೂ ಗುಂಪಿನವರು ಒಂದಾಗಿ ಮುಷ್ಕರ ಹೂಡುತ್ತಾರೆ. ಪ್ಯಾಲೆಸ್ಟೀನಿ ಕೈದಿಗಳ ನಾಯಕ ಇಸಾಂ ಪಾತ್ರ ಬಕ್ರಿಯವರದು. ಅಬ್ಬರವಿಲ್ಲದ, ಕಣ್ಣಿನಲ್ಲೇ ಮಾತನಾಡುವ ಅವರ ಅಭಿನಯ ಮನೆಮಾತಾಯಿತು. ಚಿತ್ರ ವೆನಿಸ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಿತಲ್ಲದೆ, ಅತ್ಯುತ್ತಮ ವಿದೇಶಿ ಭಾಷಾ ಚಿತ್ರಕ್ಕಾಗಿ ಆಸ್ಕರ್ ನಾಮಕರಣವನ್ನೂ ಗಳಿಸಿತು.

1991ರಲ್ಲಿ ಬಂದ ಎರಾನ್ ರಿಕ್ಲಿಸ್ ಅವರ 'ಕಪ್ ಫೈನಲ್' ಕಥೆ ನಡೆಯುವುದು 1982ರ ಲೆಬನಾನ್ ಯುದ್ಧದ ನಡುವೆ. ಸ್ಪೇನಿನಲ್ಲಿ ನಡೆಯುವ ವಿಶ್ವಕಪ್ ಫುಟ್‌ಬಾಲ್ ನೋಡಲು ಟಿಕೆಟ್ ಕೊಂಡಿಟ್ಟುಕೊಂಡ ಇಸ್ರೇಲಿ ಸೈನಿಕನೊಬ್ಬ ಪ್ಯಾಲೆಸ್ಟೀನಿ ಹೋರಾಟಗಾರರ ಕೈಗೆ ಸೆರೆಸಿಕ್ಕುತ್ತಾನೆ. ಆ ತಂಡದ ನಾಯಕನೂ ಅವನಂತೆಯೇ ಇಟಲಿ ತಂಡದ ಅಭಿಮಾನಿ. ನಾಯಕನ ಪಾತ್ರದಲ್ಲಿದ್ದವರು ಬಕ್ರಿ. 1996ರಲ್ಲಿ ರಶೀದ್ ಮಷರಾವಿ ನಿರ್ದೇಶಿಸಿದ 'ಹೈಫಾ' ಚಿತ್ರದಲ್ಲಿ, ಕಳೆದುಹೋದ ಊರಿನ ಹೆಸರನ್ನೇ ತನ್ನ ಹೆಸರಾಗಿ ಹೊತ್ತು ನಿರಾಶ್ರಿತರ ಶಿಬಿರದಲ್ಲಿ ಅಲೆಯುವ ಅರೆಹುಚ್ಚನ ಪಾತ್ರ ಅವರಿಗೆ ದಕ್ಕಿತು.

ಈ ಪಾತ್ರಗಳ ಪಟ್ಟಿಯನ್ನೇ ನೋಡಿ: ಕೈದಿ, ಹೋರಾಟಗಾರ, ಮನೆ ಕಳೆದುಕೊಂಡವ, ಹುಚ್ಚ. ಪ್ಯಾಲೆಸ್ಟೀನಿ ನಟನಿಗೆ ಚಿತ್ರರಂಗ ಕೊಡುತ್ತಿದ್ದ ಉಡುಪುಗಳು ಇಷ್ಟೇ. ಬಕ್ರಿ ಆ ಉಡುಪುಗಳನ್ನು ನಿರಾಕರಿಸಲಿಲ್ಲ. ಅವುಗಳೊಳಗೆ ಒಬ್ಬ ಮನುಷ್ಯನನ್ನು ಕೂರಿಸಿದರು. ಆದರೆ ಈ ಪಾತ್ರಗಳಲ್ಲಿ ಹೆಚ್ಚಿನವನ್ನು ಬರೆದವರು ಬೇರೆಯವರು. ತಮ್ಮವರೇ ಬರೆದ, ತಮ್ಮವರ ನಗುವೂ ಅಳುವೂ ತುಂಬಿದ ಪಾತ್ರವೊಂದು ಅವರಿಗೆ ದೊರೆತದ್ದು ರಂಗಭೂಮಿಯಲ್ಲಿ.

ಕತ್ತೆಯ ಋಣದಲ್ಲಿ ಬದುಕಿದವನು

ಹೈಫಾದ ಎಮಿಲ್ ಹಬೀಬಿ ಹೆಸರಾಂತ ಲೇಖಕ, ಪತ್ರಕರ್ತ, ಕಮ್ಯುನಿಸ್ಟ್ ನಾಯಕ. ಇಸ್ರೇಲ್ ಸಂಸತ್ತಿನ ಸದಸ್ಯರೂ ಆಗಿದ್ದವರು. 1974ರಲ್ಲಿ ಅವರು ಪ್ರಕಟಿಸಿದ ಕಾದಂಬರಿಯ ನಾಯಕನ ಹೆಸರು ಸಯೀದ್. ಅರಬ್ಬಿಯಲ್ಲಿ ಹಾಗೆಂದರೆ ಸುಖಿ. ಅವನ ವಂಶದ ಹೆಸರು 'ಮುತಶಾಇಲ್'. ನಿರಾಶಾವಾದಿ, ಆಶಾವಾದಿ ಎಂಬರ್ಥದ ಎರಡು ಅರಬ್ಬಿ ಪದಗಳನ್ನು ಬೆಸೆದು ಹಬೀಬಿ ಹುಟ್ಟಿಸಿದ ಪದ ಅದು. ಕನ್ನಡದಲ್ಲಿ 'ನಿರಾಶಾವಾದಿ' ಎನ್ನುತ್ತಲೇ 'ಆಶಾವಾದಿ' ಎಂದು ಮುಗಿಸಿದ ಹಾಗೆ. ಈ ಮನೆತನದವರಿಗೆ ಎಂಥ ಕೇಡು ಬಂದರೂ, ಇದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲವಲ್ಲ ಎಂದು ಸಮಾಧಾನ.

ಸಯೀದ್ 1948ರಲ್ಲಿ ಬದುಕಿ ಉಳಿದದ್ದು ಒಂದು ಕತ್ತೆಯ ದೆಸೆಯಿಂದ. ಅವನತ್ತ ಹಾರಿದ ಗುಂಡಿಗೆ ಅದು ಅಡ್ಡ ಬಂದು ಸತ್ತಿತು. ಅಂದಿನಿಂದ ಅವನದು ತಗ್ಗಿ ಬಗ್ಗಿ ನಡೆಯುವ ಬಾಳು. ಅಧಿಕಾರಿಗಳಿಗೆ ಗುಪ್ತ ಸುದ್ದಿ ಮುಟ್ಟಿಸುವ ಕೆಲಸಕ್ಕೂ ಸೈ. ಆದರೆ ವಿಧೇಯತೆಯೇ ಅವನಿಗೆ ಮುಳುವಾಗುತ್ತದೆ. 1967ರ ಯುದ್ಧದಲ್ಲಿ, ಸೋತ ಅರಬರು ಮನೆಯ ಮೇಲೆ ಬಿಳಿ ಬಾವುಟ ಹಾರಿಸಬೇಕೆಂದು ಆಕಾಶವಾಣಿ ಹೇಳಿದ್ದೇ ತಡ, ಸಯೀದ್ ಪೊರಕೆಯ ಕೋಲಿಗೆ ಬಿಳಿ ಬಟ್ಟೆ ಕಟ್ಟಿ ಹೈಫಾದ ತನ್ನ ಮನೆಯ ಮೇಲೆ ಏರಿಸುತ್ತಾನೆ. ಆ ಆದೇಶ ಹೊಸದಾಗಿ ಗೆದ್ದ ಪ್ರದೇಶದವರಿಗೆ ಎಂಬುದು ಅವನಿಗೆ ಹೊಳೆಯುವುದಿಲ್ಲ. ಹಾಗಾದರೆ ಹೈಫಾ ಕೂಡ ಆಕ್ರಮಿತ ಪ್ರದೇಶವೆಂದು ಇವನ ಅಭಿಪ್ರಾಯವೇ? ಅತಿವಿಧೇಯತೆಯ ತಪ್ಪಿಗೆ ಸಯೀದ್ ಜೈಲು ಸೇರುತ್ತಾನೆ.

ಈ ಕಾದಂಬರಿಯನ್ನು ಬಕ್ರಿ 1986ರಲ್ಲಿ ಏಕವ್ಯಕ್ತಿ ನಾಟಕವಾಗಿ ರಂಗಕ್ಕೆ ತಂದರು. ಸಯೀದ್, ಅವನ ತಾಯಿ, ಅವನ ಮೇಲಧಿಕಾರಿ, ಅವನು ಕಳೆದುಕೊಂಡ ಪ್ರೇಯಸಿ, ಎಲ್ಲರ ಮಾತೂ ಒಬ್ಬರದೇ ಬಾಯಲ್ಲಿ. ಏಕವ್ಯಕ್ತಿ ನಾಟಕವೆಂಬ ಪ್ರಕಾರಕ್ಕೆ ಇನ್ನೊಂದು ಅನುಕೂಲವೂ ಇತ್ತು. ಅರಬ್ ಹಳ್ಳಿಗಳಲ್ಲಿ ಸುಸಜ್ಜಿತ ರಂಗಮಂದಿರಗಳಾಗಲಿ, ದೊಡ್ಡ ತಂಡವನ್ನು ಸಾಕುವ ಅನುದಾನವಾಗಲಿ ಇರಲಿಲ್ಲ. ಪೂರ್ವ ಜೆರುಸಲೇಮಿನಲ್ಲಿ ಅಲ್ ಹಕವಾತಿ ತಂಡ ಹಳೆಯ ಸಿನಿಮಾ ಮಂದಿರವೊಂದನ್ನು ನಾಟಕಶಾಲೆಯಾಗಿ ಮಾರ್ಪಡಿಸಿಕೊಂಡದ್ದೇ 1984ರಲ್ಲಿ. ಒಬ್ಬನೇ ನಟನ ನಾಟಕವಾದರೆ ಶಾಲೆಯ ಜಗಲಿಯೂ ಸಾಕು, ಸಭಾಭವನದ ಮೂಲೆಯೂ ಸಾಕು. ಹೀಗಾಗಿ ಸಯೀದ್ ಊರೂರು ಸುತ್ತಿದ. ನೂರಾರು ಪ್ರದರ್ಶನಗಳಾದವು. ವಿದೇಶಗಳಿಗೂ ಹೋಯಿತು. ಬಕ್ರಿ ಎಂದರೆ ಸಯೀದ್, ಸಯೀದ್ ಎಂದರೆ ಬಕ್ರಿ ಎನ್ನುವಂತಾಯಿತು.

ಗಮನಿಸಬೇಕಾದ ಸಂಗತಿಯೆಂದರೆ ಅವರು ಈ ನಾಟಕವನ್ನು ಅರಬ್ಬಿಯಲ್ಲಷ್ಟೇ ಅಲ್ಲದೆ ಹೀಬ್ರೂವಿನಲ್ಲೂ ಆಡಿದರು. ಕವಿ, ಕಾದಂಬರಿಕಾರ ಆಂಟನ್ ಶಮ್ಮಾಸ್ ಅದಾಗಲೇ ಕೃತಿಯನ್ನು ಹೀಬ್ರೂಗೆ ತಂದಿದ್ದರು. ಅರಬ್ಬಿ ಪ್ರೇಕ್ಷಕನಿಗೆ ಸಯೀದ್ ತನ್ನದೇ ಓಣಿಯವನು. ಅವನನ್ನು ಕಂಡು ನಗುವುದೆಂದರೆ ತನ್ನನ್ನು ಕಂಡೇ ನಗುವುದು. ಹೀಬ್ರೂ ಪ್ರೇಕ್ಷಕನ ಸ್ಥಿತಿ ಬೇರೆ. ದಿನವೂ ತನ್ನೆದುರು ತಲೆತಗ್ಗಿಸಿ ನಿಲ್ಲುವ ಅರಬ್ ಕೆಲಸಗಾರನ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಅವನು ತನ್ನ ಭಾಷೆಯಲ್ಲೇ ಕೇಳಬೇಕಾಗಿತ್ತು. ಭಾಷಣ ಮಾಡಿದ್ದರೆ ಎದ್ದು ಹೋಗಬಹುದಿತ್ತು. ನಗಿಸುವವನ ಎದುರಿನಿಂದ ಎದ್ದು ಹೋಗುವುದು ಸುಲಭವಲ್ಲ.

ಎರಡು ಭಾಷೆಗಳ ನಡುವಿನ ಈ ನಿಲುವಿಗೆ ಸ್ವತಃ ಹಬೀಬಿಯೂ ಬೆಲೆ ತೆತ್ತರು. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ಪ್ರಶಸ್ತಿ ಪಡೆದಿದ್ದ ಅವರು 1992ರಲ್ಲಿ ಇಸ್ರೇಲ್ ಪ್ರಶಸ್ತಿಯನ್ನೂ ಸ್ವೀಕರಿಸಿದಾಗ ಅರಬ್ ಜಗತ್ತಿನ ಅನೇಕ ಲೇಖಕರು ಅವರನ್ನು ಖಂಡಿಸಿದರು. ಅತ್ತ ಇಸ್ರೇಲಿನ ಬಲಪಂಥೀಯರೂ ಪ್ರತಿಭಟಿಸಿದರು. 1996ರಲ್ಲಿ ಹಬೀಬಿ ತೀರಿಕೊಂಡರು. ಅವರ ಸಮಾಧಿಯ ಮೇಲೆ, ಅವರದೇ ಇಚ್ಛೆಯಂತೆ, ಹೈಫಾದಲ್ಲಿ ಉಳಿದವನು ಎಂದು ಕೆತ್ತಲಾಗಿದೆ.

ಜೆನಿನ್ ಶಿಬಿರ

1998ರಲ್ಲಿ ಇಸ್ರೇಲ್ ತನ್ನ ಸ್ಥಾಪನೆಯ ಐವತ್ತನೇ ವರ್ಷ ಆಚರಿಸಿದಾಗ ಬಕ್ರಿ '1948' ಎಂಬ ಸಾಕ್ಷ್ಯಚಿತ್ರ ಮಾಡಿದರು. ಊರು ಕಳೆದುಕೊಂಡ ಹಿರಿಯರ ನೆನಪುಗಳನ್ನು ಅದರಲ್ಲಿ ದಾಖಲಿಸಿದರು. ನಾಲ್ಕು ವರ್ಷದ ಬಳಿಕ ಇದೇ ಹಾದಿ ಅವರನ್ನು ಜೆನಿನ್‌ಗೆ ಕರೆದೊಯ್ಯಿತು.

2002ರ ಮಾರ್ಚ್ ತಿಂಗಳಲ್ಲಿ ಇಸ್ರೇಲಿನಲ್ಲಿ ಆತ್ಮಹತ್ಯಾ ಬಾಂಬ್ ದಾಳಿಗಳು ಒಂದರ ಮೇಲೊಂದು ನಡೆದವು. ಅದರ ಬೆನ್ನಿಗೆ ಇಸ್ರೇಲಿ ಸೇನೆ ಪಶ್ಚಿಮ ದಂಡೆಯ ನಗರಗಳಿಗೆ ನುಗ್ಗಿತು. ಏಪ್ರಿಲ್‌ನಲ್ಲಿ ಜೆನಿನ್ ನಿರಾಶ್ರಿತರ ಶಿಬಿರದಲ್ಲಿ ಘೋರ ಕಾಳಗ ನಡೆಯಿತು. ಬುಲ್‌ಡೋಜರ್‌ಗಳು ಶಿಬಿರದ ನಡುಭಾಗವನ್ನು ನೆಲಸಮ ಮಾಡಿದವು. ಕಾಳಗದ ದಿನಗಳಲ್ಲಿ ಪತ್ರಕರ್ತರಿಗೆ ಪ್ರವೇಶವಿರಲಿಲ್ಲ. ನೂರಾರು ಜನರ ಕಗ್ಗೊಲೆಯಾಗಿದೆ ಎಂಬ ಸುದ್ದಿ ಹರಡಿತು. ಅನಂತರ ತನಿಖೆ ಮಾಡಿದ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಕನಿಷ್ಠ 52 ಪ್ಯಾಲೆಸ್ಟೀನಿಯರು ಸತ್ತಿದ್ದರೆಂದೂ ಅವರಲ್ಲಿ ಕನಿಷ್ಠ 22 ಮಂದಿ ನಾಗರಿಕರೆಂದೂ ಕಂಡುಕೊಂಡಿತು. ಸಾಮೂಹಿಕ ಕಗ್ಗೊಲೆಯ ಆರೋಪಕ್ಕೆ ಆಧಾರ ಸಿಗಲಿಲ್ಲವೆಂದೂ, ಆದರೆ ಯುದ್ಧನಿಯಮಗಳ ಗಂಭೀರ ಉಲ್ಲಂಘನೆ ನಡೆದಿದೆಯೆಂದೂ ಅದು ವರದಿ ಮಾಡಿತು. ಇಸ್ರೇಲಿನ 23 ಸೈನಿಕರು ಅಲ್ಲಿ ಪ್ರಾಣ ತೆತ್ತಿದ್ದರು.

ಆ ದಿನಗಳಲ್ಲಿ ನಡೆದ ಪ್ರತಿಭಟನೆಯೊಂದರಲ್ಲಿ ಬಕ್ರಿ ಪಾಲ್ಗೊಂಡಿದ್ದರು. ಸೈನಿಕರು ಹಾರಿಸಿದ ಗುಂಡು ಜೊತೆಗಿದ್ದ ಸಹನಟಿಯೊಬ್ಬರಿಗೆ ತಗುಲಿತು. ಕೆಲವೇ ದಿನಗಳಲ್ಲಿ ಅವರು ಸಣ್ಣ ತಂಡದೊಡನೆ ಶಿಬಿರದೊಳಕ್ಕೆ ಹೋದರು. ಹಾಗೆ ತಯಾರಾದದ್ದು ಸುಮಾರು ಒಂದು ಗಂಟೆಯ 'ಜೆನಿನ್, ಜೆನಿನ್'. ಮಾತಿನ ಮೋಡಿಗಾರ ಎನಿಸಿದ್ದ ನಟ ಈ ಚಿತ್ರದಲ್ಲಿ ಬಾಯಿ ತೆರೆಯುವುದಿಲ್ಲ. ನಿರೂಪಣೆ ಇಲ್ಲ, ವ್ಯಾಖ್ಯಾನ ಇಲ್ಲ. ಮುದುಕರು, ಹೆಂಗಸರು, ಒಬ್ಬ ಪುಟ್ಟ ಹುಡುಗಿ ತಾವು ಕಂಡದ್ದನ್ನು, ನಂಬಿದ್ದನ್ನು ಹೇಳುತ್ತ ಹೋಗುತ್ತಾರೆ. ಅವಶೇಷಗಳ ನಡುವೆ ದಾರಿ ತೋರಿಸುವವನು ಕಿವುಡನೂ ಮೂಕನೂ ಆದ ಒಬ್ಬ ಮನುಷ್ಯ. ಏನಾಯಿತೆಂದು ಅವನು ಕೈಸನ್ನೆಯಲ್ಲೇ ಅಭಿನಯಿಸಿ ತೋರಿಸುತ್ತಾನೆ.

ಇಸ್ರೇಲಿನ ಚಲನಚಿತ್ರ ಪರಿಶೀಲನಾ ಮಂಡಳಿ ಚಿತ್ರವನ್ನು ನಿಷೇಧಿಸಿತು. ಬಕ್ರಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2003ರ ನವೆಂಬರಿನಲ್ಲಿ ನ್ಯಾಯಾಲಯ ನಿಷೇಧವನ್ನು ರದ್ದುಪಡಿಸಿತು. ಚಿತ್ರ ಏಕಪಕ್ಷೀಯವಾಗಿದ್ದರೂ ಸತ್ಯಾಸತ್ಯ ನಿರ್ಣಯಿಸುವ ಗುತ್ತಿಗೆ ಸೆನ್ಸಾರ್ ಮಂಡಳಿಗಿಲ್ಲ ಎಂಬುದು ಆ ತೀರ್ಪಿನ ಸಾರ. ಆದರೆ ಅಷ್ಟರಲ್ಲೇ ಜೆನಿನ್‌ನಲ್ಲಿ ಕಾದಿದ್ದ ಐವರು ಮೀಸಲು ಸೈನಿಕರು ಮಾನನಷ್ಟ ಮೊಕದ್ದಮೆ ಹೂಡಿದ್ದರು. ಸತ್ತ ಗೆಳೆಯರ ಹೆಸರಿಗೂ ತಮ್ಮ ಹೆಸರಿಗೂ ಕೊಲೆಗಡುಕರೆಂಬ ಮಸಿ ಬಳಿಯಲಾಗಿದೆ ಎಂಬುದು ಅವರ ಅಳಲು. ಚಿತ್ರದಲ್ಲಿ ಅವರನ್ನು ವೈಯಕ್ತಿಕವಾಗಿ ಗುರುತಿಸಿಲ್ಲವೆಂಬ ಕಾರಣಕ್ಕೆ 2008ರಲ್ಲಿ ದಾವೆ ವಜಾ ಆಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಚಿತ್ರದಲ್ಲಿ ಸುಳ್ಳು ಆರೋಪಗಳಿವೆ ಎಂಬ ಟೀಕೆಯನ್ನು ಮಾತ್ರ ನ್ಯಾಯಾಧೀಶರು ಬಿಡಲಿಲ್ಲ.

ಪ್ರಕರಣ ಮುಗಿಯಿತು ಎನ್ನುವಾಗ 2016ರಲ್ಲಿ ಇನ್ನೊಬ್ಬ ಸೇನಾಧಿಕಾರಿ ದಾವೆ ಹೂಡಿದರು. ಅವರು ಚಿತ್ರದಲ್ಲಿ ಕೆಲವೇ ಕ್ಷಣ ಕಾಣಿಸಿಕೊಂಡಿದ್ದರು. ಅಷ್ಟು ಸಾಕಾಯಿತು. 2021ರ ಆದೇಶ ಬಂದದ್ದು ಈ ದಾವೆಯಲ್ಲಿ. 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬಕ್ರಿಯವರ ಮೇಲ್ಮನವಿಯನ್ನು ತಳ್ಳಿಹಾಕಿತು.

ಈ ಇಪ್ಪತ್ತು ವರ್ಷಗಳ ವ್ಯಾಜ್ಯದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನೊಂದವರು ಹೇಳಿದ್ದನ್ನೆಲ್ಲ ಹಾಗೆಯೇ ತೋರಿಸಿದರೆ ಅದರ ಸತ್ಯಕ್ಕೆ ಚಿತ್ರ ಮಾಡಿದವನು ಹೊಣೆಯೇ ಎಂಬುದು ಒಂದು. ಸಾಕ್ಷ್ಯಚಿತ್ರವೆಂಬ ಹೆಸರು ಹೊತ್ತ ಮೇಲೆ ಆ ಹೊಣೆಯಿಂದ ನುಣುಚಿಕೊಳ್ಳುವುದು ಕಷ್ಟ. ಆದರೆ ಒಂದು ಪಕ್ಷದ ಮಾತನ್ನಷ್ಟೇ ಹೇಳುವ ಚಿತ್ರಗಳು ಲೋಕದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಎಷ್ಟರ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುತ್ತದೆ ಎಂಬುದು ಇನ್ನೊಂದು.

ವ್ಯಾಜ್ಯದ ಜೊತೆಗೆ ಮನೆಯ ಸಂಕಟವೂ ಸೇರಿತು. 2002ರ ಆಗಸ್ಟಿನಲ್ಲಿ ಗಲಿಲಿಯ ಬಸ್ಸೊಂದರಲ್ಲಿ ನಡೆದ ಬಾಂಬ್ ದಾಳಿಗೆ ನೆರವಾದ ಆರೋಪದಲ್ಲಿ ಬಕ್ರಿಯವರ ಹತ್ತಿರದ ಬಂಧುಗಳೇ ಸಿಕ್ಕಿಬಿದ್ದು ಶಿಕ್ಷೆಗೊಳಗಾದರು. 2005ರಲ್ಲಿ ಬಕ್ರಿ ಮಾಡಿದ 'ನೀನು ಹೋದ ಮೇಲೆ' ಎಂಬ ಅರ್ಥದ ಶೀರ್ಷಿಕೆಯ ಚಿತ್ರದಲ್ಲಿ ಇವೆಲ್ಲವೂ ಇವೆ. ಅದರಲ್ಲಿ ಅವರು ಹಬೀಬಿಯವರ ಸಮಾಧಿಯ ಬಳಿ ಹೋಗಿ, ಗುರುವಿಗೆ ವರದಿ ಒಪ್ಪಿಸುವಂತೆ, ಅವರಿಲ್ಲದ ವರ್ಷಗಳಲ್ಲಿ ನಡೆದುದನ್ನೆಲ್ಲ ಹೇಳಿಕೊಳ್ಳುತ್ತಾರೆ.

ಅಪ್ಪ, ಮಕ್ಕಳು

ಇಸ್ರೇಲಿನೊಳಗೆ ಪ್ರತಿರೋಧ ಹೆಚ್ಚಿದಂತೆ ಹೊರಗಿನ ಚಿತ್ರರಂಗದಲ್ಲಿ ಅವರಿಗೆ ಮನ್ನಣೆ ಬೆಳೆಯಿತು. 2004ರಲ್ಲಿ ಇಟಲಿಯ ಸವೇರಿಯೋ ಕೋಸ್ತಾಂಜೊ ನಿರ್ದೇಶಿಸಿದ 'ಪ್ರೈವೇಟ್' ಚಿತ್ರದಲ್ಲಿ ಅವರದು ಸಾಹಿತ್ಯದ ಮೇಷ್ಟರ ಪಾತ್ರ. ಇಸ್ರೇಲಿ ಸೈನಿಕರು ಅವರ ಮನೆಯ ಮೇಲಂತಸ್ತನ್ನು ಆಕ್ರಮಿಸಿಕೊಳ್ಳುತ್ತಾರೆ. ಮನೆ ಬಿಟ್ಟು ಹೋಗಲು ಮೇಷ್ಟರು ಒಪ್ಪುವುದಿಲ್ಲ, ಕೈಯೆತ್ತುವುದೂ ಇಲ್ಲ. ಈ ಅಭಿನಯಕ್ಕೆ ಲೊಕಾರ್ನೊ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. 2008ರ 'ಲೈಲಾಸ್ ಬರ್ತ್‌ಡೇ' ಚಿತ್ರದಲ್ಲಿ ಅವರು ರಮಲ್ಲಾದಲ್ಲಿ ಟ್ಯಾಕ್ಸಿ ಓಡಿಸುವ ಮಾಜಿ ನ್ಯಾಯಾಧೀಶ. ನ್ಯಾಯಾಲಯಗಳ ನಡುವೆ ಸುತ್ತಾಡುತ್ತಿದ್ದ ನಟನಿಗೆ ಸಿಕ್ಕ ಈ ಪಾತ್ರದ ವ್ಯಂಗ್ಯ ಹಬೀಬಿಗೆ ಖಂಡಿತ ಮೆಚ್ಚಿಗೆಯಾಗುತ್ತಿತ್ತು.

ಬಕ್ರಿಯವರ ಮಕ್ಕಳಾದ ಸಾಲೆಹ್, ಜಿಯಾದ್, ಆದಂ ಮೂವರೂ ನಟರಾದರು. 2017ರಲ್ಲಿ ಆನ್‌ಮರಿ ಜಾಸಿರ್ ಅವರ 'ವಾಜಿಬ್' ಚಿತ್ರದಲ್ಲಿ ತಂದೆ ಮತ್ತು ಸಾಲೆಹ್ ತಂದೆ ಮಗನಾಗಿಯೇ ಅಭಿನಯಿಸಿದರು. ನಜರೆತ್ ನಗರದಲ್ಲಿ ಮಗಳ ಮದುವೆ. ಕರೆಯೋಲೆಗಳನ್ನು ಮನೆಮನೆಗೆ ಹೋಗಿ ಕೈಯಾರೆ ಕೊಡುವುದು ಅಲ್ಲಿನ ಸಂಪ್ರದಾಯ. ವಿದೇಶದಲ್ಲಿ ನೆಲೆಸಿದ ಮಗ ಅದಕ್ಕಾಗಿ ಊರಿಗೆ ಬಂದಿದ್ದಾನೆ. ಶಾಲಾ ಮೇಷ್ಟರಾದ ಅಪ್ಪ ಬಡ್ತಿಯ ಆಸೆಯಿಂದ ಯಹೂದಿ ಅಧಿಕಾರಿಯೊಬ್ಬನನ್ನೂ ಕರೆಯಬೇಕೆನ್ನುತ್ತಾನೆ. ಅವನು ಬೇಹುಗಾರ ಎಂದು ಮಗ ಸಿಡಿಯುತ್ತಾನೆ. ತಲೆ ಎತ್ತಿ ಮಾತನಾಡಲು ಮಗನಿಗೆ ಸಾಧ್ಯವಾಗುವುದು ಅವನು ಊರು ಬಿಟ್ಟು ಹೋದದ್ದರಿಂದ. ಉಳಿದವನು ತಗ್ಗಿ ನಡೆಯದೆ ಗತ್ಯಂತರವಿಲ್ಲ. ಕಾರಿನೊಳಗಿನ ಈ ಜಗಳದಲ್ಲಿ ಅಪ್ಪನ ಪಾತ್ರ ಸಯೀದನ ಮೊಮ್ಮಗನಂತೆ ಕಾಣುತ್ತದೆ. ದುಬೈ ಚಿತ್ರೋತ್ಸವ ತಂದೆ ಮಗ ಇಬ್ಬರಿಗೂ ಸೇರಿಸಿ ಶ್ರೇಷ್ಠ ನಟ ಪ್ರಶಸ್ತಿ ನೀಡಿತು.

2025ರ ಜನವರಿಯಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ಮೊದಲ ಪ್ರದರ್ಶನ ಕಂಡ, ಶೆರಿಯನ್ ದಬೀಸ್ ನಿರ್ದೇಶನದ 'ಆಲ್ ದಟ್ಸ್ ಲೆಫ್ಟ್ ಆಫ್ ಯೂ' ಮೂರು ತಲೆಮಾರುಗಳ ಕಥೆ. 1948ರಲ್ಲಿ ಯಾಫಾದ ಕಿತ್ತಳೆ ತೋಟ ಕಳೆದುಕೊಂಡ ಶರೀಫ್ ಎಂಬಾತನ ಯೌವನವನ್ನು ಆದಂ, ಮುಪ್ಪನ್ನು ತಂದೆ ಬಕ್ರಿ ಅಭಿನಯಿಸಿದರು. ಶರೀಫನ ಮಗನಾಗಿ ನಟಿಸಿದವರು ಸಾಲೆಹ್. 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದ ಕಾರಣ ಚಿತ್ರತಂಡ ಪ್ಯಾಲೆಸ್ಟೀನ್ ಬಿಟ್ಟು ಜೋರ್ಡಾನ್, ಸೈಪ್ರಸ್, ಗ್ರೀಸ್ ದೇಶಗಳಲ್ಲಿ ಚಿತ್ರೀಕರಣ ನಡೆಸಬೇಕಾಯಿತು. ಊರು ಕಳೆದುಕೊಂಡವರ ಕಥೆಯನ್ನು ಊರಿನಿಂದ ಹೊರಗೇ ಕಟ್ಟಬೇಕಾಗಿ ಬಂದದ್ದು ವಿಪರ್ಯಾಸ.

ಬಕ್ರಿಯವರಿಗೆ ವಿದೇಶದಲ್ಲಿ ನೆಲೆಸುವ ಅವಕಾಶಗಳಿಗೆ ಕೊರತೆಯಿರಲಿಲ್ಲ. ಆದರೆ ಅವರು ಬೀನಾವನ್ನು ಬಿಡಲಿಲ್ಲ. ಮೊಕದ್ದಮೆಗಳನ್ನು ಎದುರಿಸಿದ್ದು ಅದೇ ದೇಶದ ಪ್ರಜೆಯಾಗಿ, ಅದೇ ದೇಶದ ನ್ಯಾಯಾಲಯಗಳಲ್ಲಿ. ಹುಟ್ಟಿದ ಹಳ್ಳಿಯಲ್ಲೇ ಅವರ ಅಂತ್ಯಕ್ರಿಯೆ ನಡೆಯಿತು. ಅವರು ಸಾಯುವ ಹೊತ್ತಿಗೂ 'ಜೆನಿನ್, ಜೆನಿನ್' ಮೇಲಿನ ನಿಷೇಧ ಜಾರಿಯಲ್ಲಿತ್ತು. ಸಯೀದನ ಕಥೆಗೆ ಯಾವ ನಿಷೇಧವೂ ಇಲ್ಲ. ಅರಬ್ಬಿಯಲ್ಲೂ ಹೀಬ್ರೂವಿನಲ್ಲೂ ಅದನ್ನು ಇಂದಿಗೂ ಓದಬಹುದು, ಆಡಬಹುದು. ಎರಡೂ ಭಾಷೆಯವರನ್ನು ಒಂದೇ ನಗುವಿನಲ್ಲಿ ಕೂರಿಸಬಲ್ಲ ಇನ್ನೊಬ್ಬ ನಟ ಮಾತ್ರ ಮುಂದೆ ಬರಬೇಕಾಗಿದೆ.